ನಮ್ಮ ಮಾವಿನಕಾಯಿ ಬುಟ್ಟಾಗೆ ‘ಪೈಸ್ಲಿ’ ಅಂತ ಹೆಸರು ಬಂದಿದ್ದು ಹೇಗೆ?

ಸೂಜಿದಾರ, ಸರಸ್ವತಿಪುರಂ
ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಎರಡು ವರ್ಷದಿಂದ ರೆಡಿ ಬ್ಲೌಸ್‌ಗಳನ್ನು ಆನ್‌ಲೈನ್‌ನಲ್ಲೂ ಮಾರುತ್ತಿದ್ದೇನೆ. ನಿನ್ನೆ ರಾತ್ರಿ ಆರು ಹೊಸ ಬ್ಲೌಸ್‌ಗಳ ಫೋಟೋ ಹಾಕುತ್ತಿದ್ದೆ. ಡಿಸೈನ್ ಯಾವುದು ಅಂತ ಕೇಳುವ ಕಡೆ ಒಂದು ಪಟ್ಟಿ ಬರುತ್ತದೆ, ಅದರಲ್ಲಿ ಇರುವುದನ್ನೇ ಆರಿಸಬೇಕು. ಚೌಕುಳಿ ಇದೆ, ಹೂವು ಇದೆ, ಗೆರೆ ಇದೆ. ಮಾವಿನಕಾಯಿ ಇಲ್ಲ. ಮೇಲಿಂದ ಕೆಳಗೆ ಮೂರು ಸಲ ಹುಡುಕಿದೆ. ಮಗಳು ಬಂದು ನೋಡಿ, ‘ಪೈಸ್ಲಿ ಅಂತ ಇದೆಯಲ್ಲಮ್ಮ, ಅದೇ ಇದು’ ಅಂದಳು. ಸ್ಕಾಟ್ಲೆಂಡಿನ ಒಂದು ಊರಿನ ಹೆಸರಂತೆ.

ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ನಮ್ಮತ್ತೆಗೆ ಬೇಜಾರಾಯಿತು. ಎದ್ದು ಹೋಗಿ ಬೀರುವಿನಿಂದ ಮದುವೆ ಸೀರೆ ತಂದು ಸೆರಗು ಬಿಡಿಸಿ ತೋರಿಸಿದರು. ಅರಿಶಿನ ಬಣ್ಣದ ರೇಷ್ಮೆ, ಸೆರಗಿನ ತುಂಬ ಸಾಲಾಗಿ ಜರಿ ಮಾವಿನಕಾಯಿ. ‘ನಮ್ಮಮ್ಮನ ಕಾಲದಿಂದ ಇದನ್ನ ಮಾವಿನಕಾಯಿ ಅಂತಲೇ ಕರೆದಿದ್ದೇವೆ. ಯಾವ ಊರಿನವರು ಬಂದು ಹೆಸರು ಬದಲಾಯಿಸಿದರು?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಲ್ಲಿ ಮಗ್ಗ ಗೊತ್ತಿರುವವರು, ಇತಿಹಾಸ ಓದಿದವರು ಇದ್ದೀರಿ. ದಯವಿಟ್ಟು ಹೇಳಿ. ಅತ್ತೆಗೆ ಓದಿ ಹೇಳಬೇಕು.

ನಂಜನಗೂಡು ರಸಬಾಳೆ
ಗಿಣಿಮೂತಿ ಮಾವಿನಕಾಯಿ ನೋಡಿದವರಿಗೆ ಯಾವ ಅನುಮಾನವೂ ಬರಲ್ಲ. ಅದೇ ಹೊಟ್ಟೆ, ಅದೇ ಕೊಕ್ಕು.

ಕೆ.ಆರ್.ಪೇಟೆ ಗೌಡ
ಇನ್ನೇನು ಅಕ್ಕ, ಕದ್ದಿದ್ದಾರೆ. ಬ್ರಿಟಿಷರು ನಮ್ಮ ನೇಕಾರರ ಹೆಬ್ಬೆರಳು ಕತ್ತರಿಸಿ, ನಮ್ಮ ಡಿಸೈನ್ ತಗೊಂಡು ಹೋಗಿ, ತಮ್ಮ ಊರಿನ ಹೆಸರಿಟ್ಟು ನಮಗೇ ಮಾರಿದರು. ಇದರಲ್ಲಿ ಚರ್ಚೆ ಮಾಡುವುದಕ್ಕೆ ಏನಿದೆ?

ಬಣ್ಣದ ಬುಟ್ಟಿ
ನಾನು ಬಟ್ಟೆ ಡಿಸೈನ್ ಓದುತ್ತಿದ್ದೇನೆ. ಗೌಡ್ರೇ, ಕದ್ದಿದ್ದು ನಿಜ. ಆದರೆ ಕದ್ದಿದ್ದು ಮೈಸೂರಿನಿಂದ ಅಲ್ಲ, ಕಾಶ್ಮೀರದಿಂದ.

ಅಕ್ಕ, ಇದರ ಮೂಲ ಹೆಸರು ಬೂಟಾ. ಪರ್ಷಿಯನ್ನಿನಲ್ಲಿ ಬೋತೆ ಅಂದರೆ ಗಿಡ, ಪೊದೆ. ನಮ್ಮ ‘ಬುಟ್ಟಾ’ ಅದೇ ಮಾತು. 17ನೇ ಶತಮಾನದ ಕಾಶ್ಮೀರಿ ಶಾಲುಗಳ ಅಂಚಿನಲ್ಲಿ ಒಂದೊಂದೇ ಸಣ್ಣ ಹೂಗಿಡ ಇರುತ್ತಿತ್ತು. ಮೊಘಲರ ಚಿತ್ರಗಳಲ್ಲಿ ಇರುತ್ತಲ್ಲ, ಹಾಗೆ. ತೆಳ್ಳಗಿನ ಕಾಂಡ, ಕೆಲವದರಲ್ಲಿ ಬೇರು ಕೂಡ ಕಾಣುತ್ತದೆ. ಬರಬರುತ್ತ ಗಿಡದಲ್ಲಿ ಹೂವು ಜಾಸ್ತಿಯಾದವು, ದಟ್ಟವಾದವು, ತುದಿ ಒಂದು ಕಡೆಗೆ ಬಾಗಿತು. 18ನೇ ಶತಮಾನ ಮುಗಿಯುವ ಹೊತ್ತಿಗೆ ಗಿಡ ಹೋಗಿ ಈಗ ನಾವು ನೋಡುವ ಆಕಾರ ಉಳಿಯಿತು. 1850ರ ಹೊತ್ತಿನ ಶಾಲುಗಳಲ್ಲಂತೂ ಅದು ಉದ್ದಕ್ಕೆ ಎಳೆದ ಬಳ್ಳಿಯ ಹಾಗೆ ಸುತ್ತಿಕೊಂಡಿದೆ.

ಮಳವಳ್ಳಿ ಮಾತು
ಹಾಗಾದರೆ ಇದು ಮಾವಿನಕಾಯಿನೇ ಅಲ್ಲ ಅಂತೀರಾ? ನಮ್ಮಜ್ಜಿ ಮಾವಿನಕಾಯಿ ಸರ ಹಾಕಿಕೊಳ್ಳುತ್ತಿದ್ದರು, ಚಿನ್ನದ್ದು. ಮನೆ ಮುಂದೆ ರಂಗೋಲಿಯಲ್ಲೂ ಅದೇ ಬಿಡುತ್ತಿದ್ದರು. ಅವರು ಕಾಶ್ಮೀರದ ಶಾಲು ಕಣ್ಣಲ್ಲೂ ನೋಡಿದವರಲ್ಲ. ಮಾವು ಹುಟ್ಟಿದ ದೇಶ ಇದು, ನಾವು ಮಾವಿನಕಾಯಿ ಬರೆಯುವುದನ್ನು ಕಾಶ್ಮೀರದಿಂದ ಕಲಿಯಬೇಕಾಗಿತ್ತಾ?

ಬಣ್ಣದ ಬುಟ್ಟಿ
ಹಾಗಲ್ಲ, ನಾನು ಹೇಳಿದ್ದು ಪೈಸ್ಲಿಗೆ ಹೋದ ಡಿಸೈನಿನ ದಾರಿ. ಮಾವಿನಕಾಯಿ ಅನ್ನುವುದು ಸುಳ್ಳು ಅಂತ ನಾನು ಹೇಳಿಲ್ಲ. ತಮಿಳರು ಮಾಂಗಾ ಅಂತಾರೆ, ತೆಲುಗಿನಲ್ಲಿ ಮಾಮಿಡಿ ಪಿಂದೆ, ಮರಾಠಿಯಲ್ಲಿ ಕೈರಿ, ಪಂಜಾಬಿನಲ್ಲಿ ಅಂಬಿ. ಇಷ್ಟು ಭಾಷೆಯವರು ಒಂದೇ ಹಣ್ಣು ಕಂಡಿದ್ದಾರೆ ಅಂದರೆ ಆ ಹೆಸರಿಗೆ ತೂಕ ಇದೆ. ಇರಾನಿನವರು ಬಾಗಿದ ಸೈಪ್ರೆಸ್ ಮರ ಅಂತಾರೆ. ನೋಡುವವರ ಮನೆ ಹಿತ್ತಲಲ್ಲಿ ಏನು ಬೆಳೆಯುತ್ತೋ ಅದೇ ಕಾಣುತ್ತದೆ.

ಮಳವಳ್ಳಿ ಮಾತು
ಸರಿ. ಈಗ ಒಪ್ಪಿದೆ. ನಮ್ಮ ಹಿತ್ತಲಲ್ಲಿ ಮಾವೇ ಇತ್ತು.

ಹಳೇ ಪುಸ್ತಕ
ನಾನು ಇತಿಹಾಸದ ಮೇಷ್ಟ್ರಾಗಿದ್ದವನು, ಈಗ ನಿವೃತ್ತ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಯಂದಿರು ಓದಿ ಹೇಳಬೇಕು ಅಂದಿದ್ದಾರೆ.

ಕಾಶ್ಮೀರಿ ಶಾಲು ಯುರೋಪಿಗೆ ಹೋಗಿದ್ದು ಈಸ್ಟ್ ಇಂಡಿಯಾ ಕಂಪನಿಯ ನೌಕರರ ಪೆಟ್ಟಿಗೆಗಳಲ್ಲಿ. ಮನೆಗೆ ವಾಪಸ್ ಹೋಗುವಾಗ ಹೆಂಡತಿಗೆ, ತಾಯಿಗೆ ಅಂತ ಒಯ್ಯುತ್ತಿದ್ದರು. ಫ್ರಾನ್ಸಿಗೆ ಇದು ದೊಡ್ಡದಾಗಿ ಹಬ್ಬಿದ್ದು ನೆಪೋಲಿಯನ್ 1798ರಲ್ಲಿ ಈಜಿಪ್ಟಿಗೆ ದಂಡೆತ್ತಿ ಹೋದ ಮೇಲೆ. ಅಲ್ಲಿಂದ ಅಧಿಕಾರಿಗಳು ಶಾಲು ತಂದರು. ಅವನ ಹೆಂಡತಿ ಜೋಸೆಫಿನ್‌ಗೆ ಅದರ ಹುಚ್ಚು ಹಿಡಿಯಿತು. ಅವಳು ಹೊದ್ದಿದ್ದನ್ನು ಊರೆಲ್ಲ ಹೊದೆಯಬೇಕು ಅಂದಿತು.

ಆದರೆ ಒಂದು ಒಳ್ಳೆಯ ಕಾಶ್ಮೀರಿ ಶಾಲು ಮುಗಿಯಲು ಒಂದೂವರೆ ವರ್ಷ ಹಿಡಿಯುತ್ತಿತ್ತು. ಲಾಳಿ ಈ ಕಡೆಯಿಂದ ಆ ಕಡೆ ಓಡುವ ನೇಯ್ಗೆ ಅಲ್ಲ ಅದು. ಒಂದೊಂದು ಬಣ್ಣಕ್ಕೆ ಒಂದೊಂದು ಪುಟ್ಟ ಮರದ ಕಡ್ಡಿ, ಅದಕ್ಕೆ ಕಾನಿ ಅಂತಾರೆ. ಆ ಬಣ್ಣ ಎಷ್ಟು ಎಳೆಗೆ ಬೇಕೋ ಅಷ್ಟಕ್ಕೆ ಮಾತ್ರ ಹೊಗಿಸಿ, ಪಕ್ಕದ ಬಣ್ಣಕ್ಕೆ ಕೊಂಡಿ ಹಾಕಿ ತಿರುಗಿಸಬೇಕು. ಡಿಸೈನನ್ನು ಚಿತ್ರವಾಗಿ ಮುಂದೆ ಇಟ್ಟುಕೊಳ್ಳುತ್ತಿರಲಿಲ್ಲ. ತಾಲೀಮ್ ಅನ್ನುವ ಗುರುತಿನ ಬರಹದಲ್ಲಿ ಬರೆದಿರುತ್ತಿತ್ತು. ಎಷ್ಟು ಎಳೆ, ಯಾವ ಬಣ್ಣ ಅಂತ ಒಬ್ಬರು ರಾಗವಾಗಿ ಹೇಳಿದ ಹಾಗೆ ಮಗ್ಗದಲ್ಲಿ ಕೂತವರು ನೇಯುತ್ತಿದ್ದರು.

ಈಗ ವಸಾಹತಿನ ವಿಷಯ. 1846ರಲ್ಲಿ ಸಿಖ್ಖರನ್ನು ಸೋಲಿಸಿದ ಕಂಪನಿ ಕಾಶ್ಮೀರವನ್ನು ತನ್ನ ಕೈಗೆ ತೆಗೆದುಕೊಂಡು, ಅಮೃತಸರದ ಒಪ್ಪಂದ ಮಾಡಿಕೊಂಡು ಜಮ್ಮುವಿನ ರಾಜ ಗುಲಾಬ್ ಸಿಂಗ್‌ಗೆ 75 ಲಕ್ಷ ರೂಪಾಯಿಗೆ ಕೊಟ್ಟಿತು. ಅದರಲ್ಲಿ ಒಂದು ಷರತ್ತು: ಪ್ರತಿ ವರ್ಷ ಕಪ್ಪವಾಗಿ 1 ಕುದುರೆ, 12 ಶಾಲಿನ ಉಣ್ಣೆಯ ಮೇಕೆ (6 ಗಂಡು, 6 ಹೆಣ್ಣು), 3 ಜೊತೆ ಕಾಶ್ಮೀರಿ ಶಾಲು ಕೊಡಬೇಕು. ಒಂದು ನಾಡನ್ನೇ ಮಾರಿದ ಪತ್ರದಲ್ಲಿ ಶಾಲಿನ ಲೆಕ್ಕ ಇದೆ. ವಿಕ್ಟೋರಿಯಾ ರಾಣಿ ಆ ಶಾಲುಗಳನ್ನು ಮದುವೆಗಳಿಗೆ ಉಡುಗೊರೆ ಕೊಡುತ್ತಿದ್ದಳು. ಈ ಷರತ್ತನ್ನು ನಾನು ಪ್ರತಿ ವರ್ಷ ಪಾಠದಲ್ಲಿ ಓದಿ ಹೇಳುತ್ತಿದ್ದೆ. ಮಕ್ಕಳು ಮೇಕೆ ಅಂದಾಗ ನಗುತ್ತಿದ್ದರು, 75 ಲಕ್ಷ ಅಂದಾಗ ಸುಮ್ಮನಾಗುತ್ತಿದ್ದರು.

ಗಂಜಾಂ ಗೆಳೆಯ
ಮೇಷ್ಟ್ರೇ, ನೆಪೋಲಿಯನ್ ಈಜಿಪ್ಟಿನಲ್ಲಿ ಇದ್ದಾಗಲೇ ಅಲ್ವಾ ನಮ್ಮ ಟಿಪ್ಪುಗೆ ಕಾಗದ ಬರೆದಿದ್ದು? 1799ರ ಜನವರಿ, ಕೈರೋದಿಂದ. ಬ್ರಿಟಿಷರು ದಾರಿಯಲ್ಲೇ ಹಿಡಿದುಬಿಟ್ಟರು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಒಂದೇ ದಂಡಯಾತ್ರೆಯಿಂದ ಶಾಲು ಪ್ಯಾರಿಸ್ ತಲುಪಿತು, ಕಾಗದ ಮಾತ್ರ ಇಲ್ಲಿಗೆ ತಲುಪಲಿಲ್ಲ.

ಹಳೇ ಪುಸ್ತಕ
ಹೌದು, ಅದೇ ಸಮಯ.

ಕೆ.ಆರ್.ಪೇಟೆ ಗೌಡ
ಇಷ್ಟೆಲ್ಲ ಬರೆದಿರಿ, ಹೆಬ್ಬೆರಳಿನ ವಿಷಯ ಯಾರೂ ಮುಟ್ಟಲಿಲ್ಲ.

ಹಳೇ ಪುಸ್ತಕ
ಮುಟ್ಟುತ್ತೇನೆ. 1772ರಲ್ಲಿ ವಿಲಿಯಂ ಬೋಲ್ಟ್ಸ್ ಅನ್ನುವವನು ಬಂಗಾಳದ ಕಂಪನಿ ಆಡಳಿತದ ಬಗ್ಗೆ ಪುಸ್ತಕ ಬರೆದ. ಅವನೇ ಕಂಪನಿಯಲ್ಲಿ ಕೆಲಸ ಮಾಡಿ ಹೊರಬಿದ್ದವನು. ಅವನು ಬರೆದಿದ್ದು ರೇಷ್ಮೆ ನೂಲು ತೆಗೆಯುವವರ ಬಗ್ಗೆ. ಬಲವಂತದ ಕೆಲಸ ತಪ್ಪಿಸಿಕೊಳ್ಳಲು ಅವರೇ ತಮ್ಮ ಹೆಬ್ಬೆರಳು ಕತ್ತರಿಸಿಕೊಂಡರು ಅಂತ. ಬಾಯಿಂದ ಬಾಯಿಗೆ ಹೋಗುತ್ತ ಅದು ಬ್ರಿಟಿಷರು ನೇಕಾರರ ಬೆರಳು ಕತ್ತರಿಸಿದರು ಅಂತ ಆಯಿತು.

ಕೆ.ಆರ್.ಪೇಟೆ ಗೌಡ
ತಾವೇ ಕತ್ತರಿಸಿಕೊಳ್ಳುವ ಹಾಗೆ ಮಾಡಿದ್ದು ಇನ್ನೂ ಕ್ರೂರ ಅಲ್ವಾ ಮೇಷ್ಟ್ರೇ?

ಹಳೇ ಪುಸ್ತಕ
ಅದಕ್ಕೇ ಸರಿಯಾಗಿ ಹೇಳಬೇಕು ಅಂದಿದ್ದು.

ರೇಷ್ಮೆ ಗೂಡು, ಟಿ. ನರಸೀಪುರ
ನಮ್ಮದು ನೂಲು ಬಿಚ್ಚಾಣಿಕೆ ಮಾಡುವ ಮನೆ. ಬಿಸಿ ನೀರಿನ ಬಾಣಲೆಯಲ್ಲಿ ಬೆಂದ ಗೂಡಿನಿಂದ ಎಳೆ ಎತ್ತುವುದು ಹೆಬ್ಬೆರಳು ಮತ್ತು ತೋರುಬೆರಳಿನಿಂದ. ಅಮ್ಮನ ಬೆರಳ ತುದಿಯ ಚರ್ಮ ಬಿಳಿಚಿ ಸುಕ್ಕಾಗಿಯೇ ಇರುತ್ತಿತ್ತು. ಹೆಬ್ಬೆರಳು ಇಲ್ಲದಿದ್ದರೆ ಎಳೆ ಸಿಕ್ಕುವುದೇ ಇಲ್ಲ. ಆ ಜನ ಯಾಕೆ ಅದೇ ಬೆರಳು ಕೊಯ್ದುಕೊಂಡರು ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಲಾಳಿ, ಕೊಡಿಯಾಲ
ನಾವು ನೇಕಾರರು, ಶ್ರೀರಂಗಪಟ್ಟಣ ತಾಲ್ಲೂಕು. ಪೈಸ್ಲಿ ಊರಿನವರು ಬೇಗ ನೇಯ್ದಿದ್ದು ಹೇಗೆ ಅನ್ನುವುದನ್ನು ನಾನು ಹೇಳುತ್ತೇನೆ, ಯಾಕೆಂದರೆ ಅದೇ ಪೆಟ್ಟಿಗೆ ನಮ್ಮ ಮಗ್ಗದ ಮೇಲೂ ಕೂತಿದೆ. ಜಕಾರ್ಡ್.

ಫ್ರಾನ್ಸಿನ ಜಕಾರ್ಡ್ ಅನ್ನುವವನು 1804ರಲ್ಲಿ ಮಾಡಿದ್ದು. ರಟ್ಟಿನ ಕಾರ್ಡುಗಳನ್ನು ಸಾಲಾಗಿ ಹೊಲಿದು ಸರ ಮಾಡಿರುತ್ತಾರೆ. ಕಾರ್ಡಿನಲ್ಲಿ ತೂತು ಇದ್ದ ಕಡೆ ಕೊಕ್ಕೆ ಮೇಲೇಳುತ್ತದೆ, ಅದರ ಜೊತೆ ಹಾಸಿನ ಎಳೆ, ಅಂದರೆ ಉದ್ದದ ಎಳೆ, ಏಳುತ್ತದೆ. ತೂತು ಇಲ್ಲದ ಕಡೆ ಎಳೆ ಕೆಳಗೇ ಇರುತ್ತದೆ. ಒಂದು ಕಾರ್ಡಿಗೆ ಒಂದು ಹೊಕ್ಕು, ಅಂದರೆ ಒಂದು ಅಡ್ಡ ಎಳೆ. ಅಂಗುಲಕ್ಕೆ 60 ಹೊಕ್ಕು ಅಂದುಕೊಳ್ಳಿ, ಎರಡು ಅಂಗುಲದ ಮಾವಿನಕಾಯಿಗೆ 120 ಕಾರ್ಡು. ಒಮ್ಮೆ ಕಾರ್ಡು ಹೊಡೆದರೆ ಮುಗಿಯಿತು, ಎಷ್ಟು ಸೀರೆಗಾದರೂ ಅದೇ ಕಾಯಿ ಬರುತ್ತದೆ. ಕಾರ್ಡು ಕಟ್ಟುವಾಗ ಒಂದು ಹಿಂದೆ ಮುಂದೆ ಆದರೆ ಪ್ರತಿ ಕಾಯಿಯ ಮೂತಿಯಲ್ಲೂ ಅದೇ ಕಡೆ ಮೆಟ್ಟಿಲು ಬೀಳುತ್ತದೆ. ಚಿಕ್ಕವನಿದ್ದಾಗ ನಾನು ಒಮ್ಮೆ ಹಾಗೆ ಕಟ್ಟಿ, ಒಂದು ಮೊಳ ಆದಮೇಲೆ ಅಪ್ಪ ನೋಡಿ ಪೂರ್ತಿ ಬಿಚ್ಚಿಸಿದರು. ಬೈಯಲಿಲ್ಲ. ಬಿಚ್ಚುವುದಕ್ಕೆ ಎರಡು ದಿನ ಹಿಡಿಯಿತು, ಅಷ್ಟೇ ಸಾಕಾಗಿತ್ತು.

ಮೇಷ್ಟ್ರು ಹೇಳಿದ ತಾಲೀಮಿನ ಬರಹ ಮತ್ತು ಈ ಕಾರ್ಡು, ಎರಡೂ ಮಾಡುವ ಕೆಲಸ ಒಂದೇ. ಅಲ್ಲಿ ಮನುಷ್ಯ ಓದಿ ಕೈಗೆ ಹೇಳುತ್ತಿದ್ದ. ಇಲ್ಲಿ ಕಾರ್ಡು ನೇರ ಎಳೆಗೇ ಹೇಳುತ್ತದೆ.

ಬಣ್ಣದ ಬುಟ್ಟಿ
ಅಣ್ಣಾ, ಎಷ್ಟು ಚೆನ್ನಾಗಿ ಹೇಳಿದಿರಿ. ನಮ್ಮ ತರಗತಿಯಲ್ಲಿ ಒಂದು ವಾರ ಕೇಳಿದರೂ ಇಷ್ಟು ತಿಳಿದಿರಲಿಲ್ಲ.

ಮದ್ದೂರಿನವನು, ಈಗ ಗ್ಲಾಸ್ಗೋ
ನಾನು ಓದಿ ಕಾಯುತ್ತಿದ್ದೆ, ಈಗ ಬರೆಯುತ್ತೇನೆ. ಪೈಸ್ಲಿ ನಮ್ಮ ಮನೆಯಿಂದ ರೈಲಿನಲ್ಲಿ ಹದಿನೈದು ನಿಮಿಷವೂ ಇಲ್ಲ. ಅಲ್ಲಿನ ಬೀದಿಗಳ ಹೆಸರು ಕೇಳಿ: ಹತ್ತಿ ಬೀದಿ, ರೇಷ್ಮೆ ಬೀದಿ, ಲಾಳಿ ಬೀದಿ. ನಾನು ಮೊದಲ ಸಲ ಓದಿದಾಗ ನಿಂತು ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ.

ಅಲ್ಲಿ ಕಾಶ್ಮೀರಿ ಶಾಲಿನ ನಕಲು ಶುರುವಾಗಿದ್ದು 1800 ಆದಮೇಲೆ. ಅವರಿಗಿಂತ ಮೊದಲೇ ಎಡಿನ್‌ಬರೋ, ನಾರ್ವಿಚ್‌ನವರು ಮಾಡುತ್ತಿದ್ದರು. ಪೈಸ್ಲಿಯವರು ಅಗ್ಗಕ್ಕೆ, ಬೇಗ ಮಾಡಿ ಎಲ್ಲರನ್ನೂ ಹಿಂದೆ ಹಾಕಿದರು. ಹೊಸ ಕಾಶ್ಮೀರಿ ಶಾಲು ಹಡಗಿನಲ್ಲಿ ಲಂಡನ್‌ಗೆ ಬಂದ ಕೂಡಲೇ ಇವರ ಏಜೆಂಟರು ಹೋಗಿ ಡಿಸೈನ್ ನಕಲು ಮಾಡಿಕೊಳ್ಳುತ್ತಿದ್ದರು. 8 ದಿನದಲ್ಲಿ ನಕಲು ಶಾಲು ಲಂಡನ್ ಅಂಗಡಿಯಲ್ಲಿ ಇರುತ್ತಿತ್ತಂತೆ. ಅಸಲಿಗೆ 70ರಿಂದ 100 ಪೌಂಡ್, ನಕಲಿಗೆ 12 ಪೌಂಡ್.

ಇನ್ನೊಂದು ವಿಷಯ. ಆ ಕಾಲದಲ್ಲಿ ಅಲ್ಲಿನವರು ಈ ಆಕಾರಕ್ಕೆ ಪೈಸ್ಲಿ ಅನ್ನುತ್ತಿರಲಿಲ್ಲ. ‘ಪೈನ್’ ಅನ್ನುತ್ತಿದ್ದರು, ಪೈನ್ ಮರದ ಕಾಯಿ. ಅವರ ಹಿತ್ತಲಲ್ಲಿ ಇದ್ದದ್ದು ಅದು. ಊರಿನ ಹೆಸರು ಡಿಸೈನಿಗೆ ಅಂಟಿಕೊಂಡಿದ್ದು ಆಮೇಲೆ, ಅಲ್ಲಿಂದ ಅಷ್ಟೊಂದು ಶಾಲು ಹೊರಟಿದ್ದರಿಂದ. ಫ್ರೆಂಚರು ಇವತ್ತಿಗೂ ಇದಕ್ಕೆ ಕಾಶ್ಮೀರ ಅಂತಲೇ ಹೇಳುತ್ತಾರೆ.

ಮಳವಳ್ಳಿ ಮಾತು
ಅಂದರೆ ಹೆಸರಿಟ್ಟಿದ್ದು ನೇಕಾರರಲ್ಲ, ಮಾರುಕಟ್ಟೆ.

ಮದ್ದೂರಿನವನು, ಈಗ ಗ್ಲಾಸ್ಗೋ
ಹೂಂ. ಮತ್ತೆ ಆ ನೇಕಾರರ ಕಥೆಯೂ ಕೇಳಿ. ಜಕಾರ್ಡ್ ಬರುವ ಮುಂಚೆ ಮಗ್ಗದ ಪಕ್ಕ ಪುಟ್ಟ ಹುಡುಗರು ನಿಂತು ಹಗ್ಗ ಎಳೆದು ಎಳೆ ಎತ್ತುತ್ತಿದ್ದರು. 1840ರ ದಶಕ ಶುರುವಾದಾಗ ವ್ಯಾಪಾರ ಬಿದ್ದು ಊರಿಗೆ ಊರೇ ಗಂಜಿಗೆ ಸಾಲು ನಿಂತಿತು. ವಿಕ್ಟೋರಿಯಾ ರಾಣಿ ಅವರಿಗೆ ಸಹಾಯ ಆಗಲಿ ಅಂತ ಪೈಸ್ಲಿ ಶಾಲು ಕೊಂಡು ಹೊದ್ದಳು.

ನನಗೆ ತುಂಬ ಹಿಡಿಸಿದ್ದು ಸ್ಮಾ ಶಾಟ್ ಹಬ್ಬ. ಶಾಲಿನಲ್ಲಿ ಬಣ್ಣದ ಹೊಕ್ಕುಗಳನ್ನು ಹಿಡಿದು ಕಟ್ಟುವ ಒಂದು ಸಣ್ಣ ಎಳೆ ಇರುತ್ತದೆ, ಅದೇ ಸ್ಮಾ ಶಾಟ್, ಕಣ್ಣಿಗೆ ಕಾಣುವುದಿಲ್ಲ. ಅದಿಲ್ಲದಿದ್ದರೆ ಶಾಲು ಬಿಚ್ಚಿಹೋಗುತ್ತದೆ. ಮಾಲೀಕರು ಬಣ್ಣದ ಎಳೆಗೆ ಕೂಲಿ ಕೊಡುತ್ತಿದ್ದರು, ಕಾಣದ ಎಳೆಗೆ ಕೊಡುವುದಿಲ್ಲ ಅನ್ನುತ್ತಿದ್ದರು. ನೇಕಾರರು ವರ್ಷಗಟ್ಟಲೆ ಜಗಳ ಮಾಡಿ 1856ರಲ್ಲಿ ಗೆದ್ದರು. ಈಗಲೂ ಜುಲೈ ಮೊದಲ ಶನಿವಾರ ತಮಟೆಯ ಹಾಗೆ ಡೋಲು ಬಾರಿಸಿಕೊಂಡು ಮೆರವಣಿಗೆ ಹೋಗಿ, ಮಾಲೀಕನ ಬೊಂಬೆ ಸುಡುತ್ತಾರೆ.

ಸೂಜಿದಾರ, ಸರಸ್ವತಿಪುರಂ
ಮದ್ದೂರಿನ ತಮ್ಮ, ಇದು ಓದಿ ಮೈ ಜುಮ್ ಅಂತು. ಕಳೆದ ತಿಂಗಳೇ ಒಬ್ಬರು ನನ್ನ ಹತ್ತಿರ ಲೈನಿಂಗ್ ಬ್ಲೌಸ್ ಹೊಲಿಸಿ, ‘ಒಳಗಿನ ಹೊಲಿಗೆ ಯಾರಿಗೆ ಕಾಣುತ್ತೆ, ಅದಕ್ಕೂ ದುಡ್ಡಾ’ ಅಂತ 150 ರೂಪಾಯಿ ಮುರಿದುಕೊಂಡು ಕೊಟ್ಟರು. ಒಳಗಿನ ಹೊಲಿಗೆ ಸರಿಯಿಲ್ಲದಿದ್ದರೆ ಹೊರಗಿನದು ನಿಲ್ಲುತ್ತಾ?

ಮದ್ದೂರಿನವನು, ಈಗ ಗ್ಲಾಸ್ಗೋ
ಅಕ್ಕ, ನಿಮ್ಮ ಹೊಲಿಗೆ ಪೆಟ್ಟಿಗೆಯಲ್ಲಿ ಕೋಟ್ಸ್ ದಾರ ಇದೆಯಾ? ಜೆ. ಅಂಡ್ ಪಿ. ಕೋಟ್ಸ್ ಕಂಪನಿ ಹುಟ್ಟಿದ್ದು ಪೈಸ್ಲಿಯಲ್ಲೇ. ಮಧುರಾ ಕೋಟ್ಸ್‌ನ ಕೋಟ್ಸ್ ಅವರೇ. ನೆಪೋಲಿಯನ್ ಯುದ್ಧದಲ್ಲಿ ರೇಷ್ಮೆ ಬರುವುದು ನಿಂತಾಗ ಅಲ್ಲಿನ ಕ್ಲಾರ್ಕ್ ಮನೆತನದವರು ಮಗ್ಗಕ್ಕೆ ಬೇಕಾಗಿದ್ದ ರೇಷ್ಮೆ ದಾರದ ಬದಲು ಹತ್ತಿಯ ನುಣುಪಾದ ಗಟ್ಟಿ ದಾರ ಮಾಡಿದರು. ಆಮೇಲೆ ಅದೇ ಹೊಲಿಗೆ ದಾರ ಆಯಿತು. ಶಾಲು ಸತ್ತ ಮೇಲೆ ಆ ಊರನ್ನು ಸಾಕಿದ್ದು ದಾರ.

ಸೂಜಿದಾರ, ಸರಸ್ವತಿಪುರಂ
ಇದೆ! ಡಬ್ಬದಲ್ಲಿ ಬಣ್ಣಕ್ಕೊಂದು ಇದೆ. ಈಗಲೇ ಎದ್ದು ನೋಡಿದೆ.

ಕೆ.ಆರ್.ಪೇಟೆ ಗೌಡ
ಎಲ್ಲರೂ ಸ್ಕಾಟ್ಲೆಂಡಿನವರಿಗೆ ಅಯ್ಯೋ ಅನ್ನುತ್ತಿದ್ದೀರಿ. ಅವರ ಊರಿಗೆ ಹಬ್ಬ ಉಳಿಯಿತು, ಹೆಸರು ಉಳಿಯಿತು, ಕಂಪನಿ ಉಳಿಯಿತು. ಕಾಶ್ಮೀರದ ನೇಕಾರನಿಗೆ ಏನು ಉಳಿಯಿತು ಅಂತ ಯಾರಾದರೂ ಹೇಳಿ.

ಚಾಮರಾಜ ಜೋಡಿ ರಸ್ತೆ
ಗೌಡ್ರು ಕೇಳಿದ್ದು ಸರಿಯಾಗಿದೆ.

ಹಳೇ ಪುಸ್ತಕ
ಸರಿಯಾದ ಪ್ರಶ್ನೆಯೇ. ಆದರೆ ಉತ್ತರದಲ್ಲಿ ಬ್ರಿಟಿಷರು ಮಾತ್ರ ಇಲ್ಲ. ಅಫ್ಘಾನರು ಆಳಿದಾಗ, ಸಿಖ್ಖರು ಆಳಿದಾಗ, ಆಮೇಲೆ ಗುಲಾಬ್ ಸಿಂಗ್ ವಂಶದ ಡೋಗ್ರಾ ರಾಜರು ಆಳಿದಾಗ, ಎಲ್ಲರೂ ಶಾಲಿನ ಮೇಲೆ ತೆರಿಗೆ ಹೇರಿದರು. ದಾಗ್ ಶಾಲ್ ಅಂತ ಒಂದು ಇಲಾಖೆಯೇ ಇತ್ತು. ಮುದ್ರೆ ಒತ್ತಿ ತೆರಿಗೆ ಕಟ್ಟಿಸಿಕೊಳ್ಳದೆ ಶಾಲು ಹೊರಗೆ ಹೋಗುವ ಹಾಗಿರಲಿಲ್ಲ. ನೇಕಾರ ಕೆಲಸ ಬಿಟ್ಟು ಹೋಗುವ ಹಾಗೂ ಇರಲಿಲ್ಲ. 1865ರ ಏಪ್ರಿಲ್ 29ರಂದು ಶ್ರೀನಗರದ ಜಾಲ್ಡಗರ್‌ನಲ್ಲಿ ನೇಕಾರರು ತೆರಿಗೆ ಇಳಿಸಿ ಅಂತ ಮೆರವಣಿಗೆ ಹೊರಟರು. ಸೈನಿಕರು ಅಟ್ಟಿದರು. 28 ಜನ ಸತ್ತರು, ಹೆಚ್ಚಿನವರು ನೀರಿಗೆ ಬಿದ್ದು.

ಐದು ವರ್ಷಕ್ಕೆ, 1870ರಲ್ಲಿ, ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಆಯಿತು. ಕಾಶ್ಮೀರಿ ಶಾಲಿನ ದೊಡ್ಡ ಗಿರಾಕಿ ಫ್ರಾನ್ಸೇ. ಅದೇ ಹೊತ್ತಿಗೆ ಹೆಂಗಸರ ಉಡುಪಿನ ರೀತಿ ಬದಲಾಗಿ ದೊಡ್ಡ ಶಾಲಿಗೆ ಜಾಗ ಇಲ್ಲದಾಯಿತು. ಮಾರುಕಟ್ಟೆ ನಿಂತುಹೋಯಿತು. 1877ರಿಂದ 79ರವರೆಗೆ ಕಾಶ್ಮೀರದಲ್ಲಿ ಭೀಕರ ಬರಗಾಲ. ಕೂಲಿ ಇಲ್ಲದ ನೇಕಾರರ ಕೇರಿಗಳು ಆ ಬರದಲ್ಲಿ ಖಾಲಿಯಾದವು.

ಪೈಸ್ಲಿಯ ನೇಕಾರ ಮಾಲೀಕನ ಜೊತೆ ಜಗಳ ಮಾಡಿ 1856ರಲ್ಲಿ ಗೆದ್ದ. ಶ್ರೀನಗರದ ನೇಕಾರ ಒಂಬತ್ತು ವರ್ಷ ಆದಮೇಲೆ ಕೇಳಿದ್ದಕ್ಕೆ ಸತ್ತ. ಇಬ್ಬರೂ ನೇಯುತ್ತಿದ್ದದ್ದು ಒಂದೇ ಬೂಟಾ.

ಲಾಳಿ, ಕೊಡಿಯಾಲ
ಆ 28 ಜನರ ಹೆಸರು ಎಲ್ಲಾದರೂ ಬರೆದಿಟ್ಟಿದ್ದಾರಾ ಮೇಷ್ಟ್ರೇ?

ಹಳೇ ಪುಸ್ತಕ
ಮುಂದಾಳುಗಳಲ್ಲಿ ಕೆಲವರ ಹೆಸರು ಇವೆ ಅಪ್ಪಾ. ಎಲ್ಲರದ್ದೂ ನಾನು ಓದಿಲ್ಲ.

ಬಣ್ಣದ ಬುಟ್ಟಿ
ನಕಲಿನ ವಿಷಯದಲ್ಲಿ ಇನ್ನೊಂದು ಹೇಳಲೇಬೇಕು. 1866ರಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಅನ್ನುವ ಅಧಿಕಾರಿ ಭಾರತದ ಬಟ್ಟೆಗಳ ತುಂಡುಗಳನ್ನು ಕತ್ತರಿಸಿ ಅಂಟಿಸಿ 18 ಸಂಪುಟ ಮಾಡಿಸಿದ. 700 ಮಾದರಿ. ಸೀರೆ, ಪಂಚೆ, ಪೇಟ, ಎಲ್ಲ. ಅಂಥ 20 ಸೆಟ್. 13 ಬ್ರಿಟನ್ನಿಗೆ, 7 ಇಲ್ಲಿಗೆ. ಅಲ್ಲಿನ ಗಿರಣಿಯವರು ನೋಡಿ, ಭಾರತದವರು ಏನು ಉಡುತ್ತಾರೆ ಅಂತ ತಿಳಿದು, ಅದೇ ಮಾಡಿ ನಮಗೆ ಮಾರಲಿ ಅಂತ. ಇದು ಗುಟ್ಟಾಗಿ ಮಾಡಿದ ಕೆಲಸ ಅಲ್ಲ, ಸರ್ಕಾರವೇ ದುಡ್ಡು ಕೊಟ್ಟು ಮಾಡಿಸಿದ್ದು. ಆ ಪುಸ್ತಕಗಳ ಫೋಟೋ ನೋಡಿದಾಗ ನನಗೆ ಒಂದು ಕಡೆ ಖುಷಿ, ಅಷ್ಟು ಚೆಂದದ ಬಟ್ಟೆಗಳು ಉಳಿದಿವೆ ಅಂತ. ಇನ್ನೊಂದು ಕಡೆ ಹೊಟ್ಟೆ ಉರಿಯಿತು. ಯಾರೋ ಹೆಂಗಸು ಉಡಬೇಕಾಗಿದ್ದ ಸೀರೆಯನ್ನು ಕತ್ತರಿಯಿಂದ ಚೌಕ ಮಾಡಿದ್ದಾರೆ.

ಗ್ಲಾಸ್ಗೋ ಹತ್ತಿರ ಲೆವೆನ್ ಕಣಿವೆಯ ಗಿರಣಿಗಳಲ್ಲಿ ಕಡುಗೆಂಪು ಬಟ್ಟೆಯ ಮೇಲೆ ನವಿಲು, ಬೂಟಾ ಅಚ್ಚು ಹಾಕಿ ಭಾರತಕ್ಕೆ ಹಡಗು ತುಂಬಿಸುತ್ತಿದ್ದರು. ಗೌಡ್ರೇ, ನಮಗೇ ಮಾರಿದರು ಅಂತ ನೀವು ಮೊದಲೇ ಹೇಳಿದ್ದು ಇದನ್ನೇ.

ಕೆ.ಆರ್.ಪೇಟೆ ಗೌಡ
ನಾನು ಹೇಳಿದ್ದರಲ್ಲಿ ಅರ್ಧ ತಪ್ಪಾಗಿತ್ತು. ಅರ್ಧ ಸರಿಯಾಗಿತ್ತು. ತಿಳಿಸಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್.

ಒಂಟಿಕೊಪ್ಪಲ್ ಅಜ್ಜ
ಅಚ್ಚಿನ ಬಟ್ಟೆ ಅಂದಿರಿ, ನೆನಪಾಯಿತು. ನಮ್ಮ ಕಾಲದಲ್ಲಿ ಹೂವಿನ ಅಚ್ಚಿನ ಹತ್ತಿ ಬಟ್ಟೆಗೆ ಚೀಟಿ ಬಟ್ಟೆ ಅನ್ನುತ್ತಿದ್ದರು. ಹೆಣ್ಣುಮಕ್ಕಳಿಗೆ ಚೀಟಿ ಲಂಗ. ಇಂಗ್ಲಿಷಿನ ಚಿಂಟ್ಸ್ ಅದೇ ಮಾತಿನ ಬಳಗ. ಚುಕ್ಕಿ ಚಿಮುಕಿಸಿದ್ದು ಅಂತ ಅರ್ಥವಂತೆ.

ಬಣ್ಣದ ಬುಟ್ಟಿ
ಹೌದು ತಾತ! ಆ ಬಟ್ಟೆಗೆ ಯುರೋಪಿನಲ್ಲಿ ಎಷ್ಟು ಬೇಡಿಕೆ ಇತ್ತು ಅಂದರೆ ಅವರೇ ಹೆದರಿ ನಿಷೇಧ ಹಾಕಿದರು. ಫ್ರಾನ್ಸ್ 1686ರಿಂದ 1759ರವರೆಗೆ. ಇಂಗ್ಲೆಂಡಿನಲ್ಲಿ ಮೊದಲು ತರಿಸುವುದಕ್ಕೆ, ಆಮೇಲೆ ಉಡುವುದಕ್ಕೂ. 1719ರಲ್ಲಿ ಲಂಡನ್ನಿನ ನೇಕಾರರು ಬೀದಿಯಲ್ಲಿ ಹೆಂಗಸರ ಮೈಮೇಲಿನ ಅಚ್ಚಿನ ಬಟ್ಟೆ ಹರಿದು ಹಾಕಿದ್ದರು.

ಗಂಜಾಂ ಗೆಳೆಯ
ಚಿಂಟ್ಸ್ ಅಂದಮೇಲೆ ಟಿಪ್ಪುವಿನ ಡೇರೆ ಬಿಡುವ ಹಾಗಿಲ್ಲ. ಒಳಗೆಲ್ಲ ಹೂವಿನ ಕುಂಡದ ಅಚ್ಚು ಇರುವ ಹತ್ತಿ ಬಟ್ಟೆಯ ಡೇರೆ. ಈಗ ವೇಲ್ಸ್‌ನ ಪೊವಿಸ್ ಕೋಟೆಯಲ್ಲಿದೆ. ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್ ಮನೆತನದ ಕೈ ಸೇರಿತು. ಆಮೇಲೆ ಅವರು ತೋಟದ ಪಾರ್ಟಿಗಳಿಗೆ ಅದನ್ನು ಶಾಮಿಯಾನ ಮಾಡಿಕೊಂಡಿದ್ದರು. ದರಿಯಾ ದೌಲತ್ ಗೋಡೆಯ ಹೂಬಳ್ಳಿ ನೋಡುವಾಗೆಲ್ಲ ನನಗೆ ಆ ಡೇರೆ ನೆನಪಾಗುತ್ತದೆ. ಅದು ಇಲ್ಲಿ ಇರಬೇಕಾಗಿತ್ತು.

ನಂಜನಗೂಡು ರಸಬಾಳೆ
ಮೇಷ್ಟ್ರೇ, ಆ ಮೇಕೆ ಯಾಕೆ ಕೇಳಿದರು? ಮೇಕೆ ಅಲ್ಲೇ ಸಾಕಬಹುದು ಅಂತಲಾ?

ಹಳೇ ಪುಸ್ತಕ
ಅದೇ ಆಸೆ. ಶಾಲಿನ ಉಣ್ಣೆ ಲಡಾಖ್, ಟಿಬೆಟ್ ಕಡೆಯ ಮೇಕೆಯ ಒಳತುಪ್ಪಳ. 1812ರಲ್ಲಿ ವಿಲಿಯಂ ಮೂರ್‌ಕ್ರಾಫ್ಟ್ ಅನ್ನುವ ಕಂಪನಿಯ ಪಶುವೈದ್ಯ ಟಿಬೆಟ್ಟಿಗೆ ಹೋಗಿ ಮೇಕೆ ತಂದ. ಬ್ರಿಟನ್ನಿಗೆ ಕಳಿಸುವಾಗ ಗಂಡುಗಳನ್ನು ಒಂದು ಹಡಗಿಗೆ, ಹೆಣ್ಣುಗಳನ್ನು ಇನ್ನೊಂದಕ್ಕೆ ಹತ್ತಿಸಿದರು. ಹೆಣ್ಣುಗಳಿದ್ದ ಹಡಗು ಮುಳುಗಿತು. ಒಪ್ಪಂದದಲ್ಲಿ 6 ಗಂಡು, 6 ಹೆಣ್ಣು ಅಂತ ಬಿಡಿಸಿ ಬರೆದಿರುವುದನ್ನು ಓದಿದಾಗ ನನಗೆ ಈ ಹಡಗೇ ನೆನಪಾಗುತ್ತದೆ.

ಚಾಮರಾಜ ಜೋಡಿ ರಸ್ತೆ
ಒಂದು ಪ್ರಶ್ನೆ. ನಮ್ಮ ತಂದೆ ಮೇಷ್ಟ್ರು, ಮನೆಯಲ್ಲಿ ಸನ್ಮಾನದ ಶಾಲು 14 ಇವೆ. ಪೇಟ, ಹಾರ, ಶಾಲು ಅಂತ ಕೊಡುತ್ತಾರಲ್ಲ, ಅವೇ. ಎಲ್ಲದರ ಅಂಚಿನಲ್ಲೂ ಮಾವಿನಕಾಯಿ ಇದೆ. ಎರಡರ ಮೇಲೆ ಕಾಶ್ಮೀರಿ ಅಂತ ಚೀಟಿ ಅಂಟಿಸಿದ್ದಾರೆ. ನಿಜವಾಗಿ ಕಾಶ್ಮೀರಿ ಹೌದೋ ಅಲ್ಲವೋ ಹೇಗೆ ತಿಳಿಯುವುದು?

ಲಾಳಿ, ಕೊಡಿಯಾಲ
ಸಾರ್, ಮುಂದಿನ ಮುಖ ನೋಡಬೇಡಿ. ತಿರುಗಿಸಿ ಹಿಂದುಗಡೆ ನೋಡಿ. ಜಕಾರ್ಡ್‌ನಲ್ಲಿ ಬಣ್ಣದ ಹೊಕ್ಕು ಈ ಅಂಚಿನಿಂದ ಆ ಅಂಚಿಗೆ ಹೋಗುತ್ತದೆ. ಬೇಕಾದ ಕಡೆ ಮೇಲೆ ಕಾಣುತ್ತದೆ, ಬೇಡವಾದ ಕಡೆ ಹಿಂದೆ ಜೋತಾಡುತ್ತದೆ. ಅದನ್ನು ಹಾಗೇ ಬಿಟ್ಟಿರುತ್ತಾರೆ, ಇಲ್ಲ ಕತ್ತರಿಸಿರುತ್ತಾರೆ. ಕತ್ತರಿಸಿದ್ದರೆ ಬೆರಳಿಗೆ ಮೊಂಡು ಕೂದಲಿನ ಹಾಗೆ ಸಿಗುತ್ತದೆ. ಕಾನಿ ನೇಯ್ಗೆಯಲ್ಲಿ ಒಂದು ಬಣ್ಣ ತನ್ನ ಜಾಗ ಬಿಟ್ಟು ಹೋಗುವುದೇ ಇಲ್ಲ. ಹಿಂದೆಯೂ ಅದೇ ಕಾಯಿ ಕಾಣುತ್ತದೆ, ಬಣ್ಣ ಬಣ್ಣ ಸೇರುವ ಕಡೆ ಸಣ್ಣ ಏಣು ಇರುತ್ತದೆ.

ಚಾಮರಾಜ ಜೋಡಿ ರಸ್ತೆ
ನೋಡಿದೆ. ಹದಿನಾಲ್ಕೂ ಜೋತಾಡುತ್ತಿವೆ. ತಂದೆಯವರಿಗೆ ಏನೂ ಬೇಜಾರಿಲ್ಲ. ಯಾವ ಊರಿನಲ್ಲಿ, ಯಾವ ವರ್ಷ ಹೊದಿಸಿದರು ಅಂತ ಒಂದೊಂದನ್ನೇ ಹೇಳುತ್ತ ಕೂತಿದ್ದಾರೆ. ನಾನು ಬರೆದುಕೊಳ್ಳುತ್ತಿದ್ದೇನೆ.

ಸೂಜಿದಾರ, ಸರಸ್ವತಿಪುರಂ
ಅತ್ತೆಗೆ ಎಲ್ಲವನ್ನೂ ಓದಿದೆ. ಎರಡು ಸಂಜೆ ಹಿಡಿಯಿತು. ಶ್ರೀನಗರದ 28 ಜನರ ಕಡೆ ಬಂದಾಗ ಹೂ ಕಟ್ಟುವುದನ್ನು ನಿಲ್ಲಿಸಿದರು, ಆಮೇಲೆ ಇನ್ನೊಂದು ಸಲ ಓದು ಅಂದರು.

ಕೊಡಿಯಾಲದ ಅಣ್ಣ ಹೇಳಿದ ಹಾಗೆ ಅವರ ಮದುವೆ ಸೀರೆಯನ್ನೂ ತಿರುಗಿಸಿ ನೋಡಿದೆವು. ಸೆರಗಿನ ಹಿಂದೆ ಒಂದು ಕಾಯಿಯಿಂದ ಇನ್ನೊಂದಕ್ಕೆ ಜರಿ ಎಳೆ ಉದ್ದಕ್ಕೆ ಹಾದಿದೆ. ಎರಡು ಕಡೆ ಕಿತ್ತು ಬಂದಿದೆ, ಬಹುಶಃ ಬಳೆಗೆ ಸಿಕ್ಕಿ. ಹಿಂದೆ ತೆಳು ನೆಟ್ ಕೊಟ್ಟು ಹೊಲಿಯೋಣ ಅಂದುಕೊಂಡಿದ್ದೇನೆ. ಹಳೇ ಜರಿ, ಸೂಜಿ ಹೋದರೆ ಮುರಿಯುತ್ತಾ ಅಂತ ಭಯ. ಅಣ್ಣಾ, ಯಾವ ದಾರ, ಎಷ್ಟು ನಂಬರಿನ ಸೂಜಿ ಹಾಕಲಿ?

ಬ್ಲೌಸ್ ಪಟ್ಟಿಯಲ್ಲಿ ಬೇರೆ ದಾರಿ ಇಲ್ಲದೆ ಪೈಸ್ಲಿ ಆರಿಸಿದೆ. ಕೆಳಗೆ ವಿವರದ ಜಾಗದಲ್ಲಿ ಮೊದಲ ಸಾಲಿಗೆ ‘ಮಾವಿನಕಾಯಿ ಬುಟ್ಟಾ, ಕಾಶ್ಮೀರದ ಬೂಟಾ’ ಅಂತ ಬರೆದಿದ್ದೇನೆ.

ಲಾಳಿ, ಕೊಡಿಯಾಲ
ಮಿಷನ್ ಹಾಕಬೇಡಿ ಅಕ್ಕ, ಕೈಯಲ್ಲೇ ಹೊಲಿಯಿರಿ. ನಿಮ್ಮ ಹತ್ತಿರ ಇರುವ ಅತಿ ಸಣ್ಣ ಸೂಜಿ, ಸೀರೆ ಬಣ್ಣದ ಒಂಟಿ ರೇಷ್ಮೆ ಎಳೆ. ಜರಿಗೆ ಚುಚ್ಚದೆ, ಪಕ್ಕದ ರೇಷ್ಮೆಯಲ್ಲಿ ಹಿಡಿಯಿರಿ. ಎಳೆ ಸಿಗದಿದ್ದರೆ ಭಾನುವಾರ ಈ ಕಡೆ ಬನ್ನಿ, ಅರಿಶಿನ ಬಣ್ಣದ್ದು ನಮ್ಮ ಮನೆಯಲ್ಲಿ ಇದೆ. ಅಮ್ಮನವರನ್ನೂ ಕರೆದುಕೊಂಡು ಬನ್ನಿ, ಮಗ್ಗ ನೋಡಲಿ.